ಮಡಿ ಕೀಬೋರ್ಡು

ವೃಂದಾ ಮೊದಲನೇ ಉತ್ತರ ಬರೆಯಹೋದರೆ ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ. ಮೌಸ್ ಒತ್ತಿ ಪರೀಕ್ಷೆ ತೆರೆದಾಗ ಎಲ್ಲ ಸರಿಯಾಗಿಯೇ ಇತ್ತು. ಈಗ ಯಾವ ಕೀಲಿ ಒತ್ತಿದರೂ ಕೀಬೋರ್ಡು ಜಪ್ಪಯ್ಯ ಅನ್ನಲಿಲ್ಲ.

ಮೈಲಾಪೂರಿನ ಆ ಪುಟ್ಟ ಫ್ಲಾಟಿನಲ್ಲಿ ಕಂಪ್ಯೂಟರಿಗೆ ಸಿಕ್ಕಿದ್ದ ಜಾಗ ದೇವರ ಮೂಲೆಯ ಪಕ್ಕದ್ದು. ಡಿಗ್ರಿ ಅರ್ಧಕ್ಕೆ ಬಿಟ್ಟು ಮದುವೆಯಾಗಿ ಬಂದವಳು ಇಂಟರ್‌ನೆಟ್ ಕಾಲೇಜಿಗೆ ಸೇರಿದಾಗ, ಹೊಸ್ತಿಲು ದಾಟದ ಕಾಲೇಜೂ ಒಂದು ಕಾಲೇಜೇ ಎಂದು ಅತ್ತೆ ರಮಾಬಾಯಿ ನಕ್ಕಿದ್ದರು. ಅಡಿಗೆ, ಪಾತ್ರೆಗಳ ನಡುವೆಯೇ ಹುಡುಗಿ ಚೆನ್ನಾಗಿ ಓದಿದಳು. ಒಂದು ಪೇಪರು ಮಾತ್ರ ಮತ್ತೆ ಮತ್ತೆ ಕೈಕೊಟ್ಟಿತ್ತು. ಇದೇ ಕೊನೆಯ ಅವಕಾಶ. ಪಾಸಾದರೆ ಕೀಲ್ಪಾಕಿನ ಶಾಲೆಯಲ್ಲಿ ಕೆಲಸ ಕಾದಿತ್ತು. ಫೇಲಾದರೆ ಇಷ್ಟು ವರ್ಷದ ಓದೆಲ್ಲ ನೀರಿನಲ್ಲಿ ಹೋಮ.

ಪರೀಕ್ಷೆ ಹತ್ತಿರ ಬಂದಾಗಲೇ ಅವಳು ಹೊರಗಾಗಬೇಕೇ! ದೇವರ ಪಕ್ಕದ ಕುರ್ಚಿಯಲ್ಲಿ ಕೂರುವುದು ಹೇಗೆ? ಮೂಲೆಯಲ್ಲಿ ಅಳುತ್ತಿದ್ದ ಸೊಸೆಯನ್ನು ಕಂಡು ರಮಾಬಾಯಿಗೆ ಕರುಳು ಚುರುಕ್ ಎಂದಿತು. ದೇವರ ಮುಂದೆ ಪಂಚೆಯ ಮರೆ ಕಟ್ಟಿದರು.

"ಪರವಾಯಿಲ್ಲೆ, ಕೂತ್ಕೊಂಡು ಓದಮ್ಮ. ಆಮೇಲೆ ನಾನು ಶುದ್ಧ ಮಾಡ್ಕೋತೀನಿ."

ಹುಟ್ಟಿದಾರಭ್ಯ ಮಡಿ ಬಿಡದ ಹೆಂಗಸು ಇಷ್ಟು ಹೇಳಿದ್ದೇ ದೊಡ್ಡದು. ವೃಂದಾಗೆ ಅವರ ಕಾಲು ಹಿಡಿಯಬೇಕೆನಿಸಿತ್ತು.

ಇಂದು ಬೆಳಿಗ್ಗೆ ಅವಳು ತಲೆಗೆ ನೀರೆರೆದುಕೊಂಡು ಬರುವಷ್ಟರಲ್ಲಿ ರಮಾಬಾಯಿ ಆಡಿದ ಮಾತು ನಡೆಸಿಬಿಟ್ಟಿದ್ದರು. ಈಗ ಕೀಬೋರ್ಡನ್ನು ಬೋರಲು ಹಾಕಿದರೆ ಅರಿಸಿನದ ನೀರು ತೊಟ್ಟಿಕ್ಕಿತು.

ಓಡಿದಳು. ಕೆಳಗಿನ ಬ್ರೌಸಿಂಗ್ ಸೆಂಟರಿನ ತಿರುಮಲ, ಪಾಪ, ತನ್ನದೇ ಒಂದು ಕೀಬೋರ್ಡು ಕಿತ್ತುಕೊಂಡು ಮೇಲೆ ಬಂದು ಸಿಕ್ಕಿಸಿದ. ಹಿಡಿಯಲಿಲ್ಲ. ಕಂಪ್ಯೂಟರನ್ನು ಒಮ್ಮೆ ಆರಿಸಿ ಹಾಕಲೇಬೇಕು ಅಕ್ಕಾ ಎಂದ. ಬೇರೆ ದಾರಿಯಿರಲಿಲ್ಲ, ಆರಿಸಿ ಹಾಕಿದರು. ನಿಮ್ಮ ಪರೀಕ್ಷೆ ಮುಗಿದಿದೆ, ಉತ್ತರಗಳು ತಲುಪಿವೆ, ಧನ್ಯವಾದ ಎಂದು ಪರದೆ ಇಂಗ್ಲಿಷಿನಲ್ಲಿ ಹೇಳಿತು. ತಿರುಮಲ ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿದ.

ಸೊಸೆಗೆ ತೊಂದರೆಯಾಗಬಾರದೆಂದು ಅಡಿಗೆಮನೆಯ ಬಾಗಿಲು ಹಾಕಿಕೊಂಡು ಕೂತಿದ್ದ ರಮಾಬಾಯಿ ಬಹಳ ಹೊತ್ತಿನ ಮೇಲೆ ಇಣುಕಿದರು.

"ಆಯ್ತೇನಮ್ಮಾ? ಚೆನ್ನಾಗಿ ಬರೆದ್ಯಾ?"

ವೃಂದಾ ಆ ಮುಖ ನೋಡಿದಳು. ಒದ್ದೆ ಕೀಬೋರ್ಡನ್ನು ಕುರ್ಚಿಯಡಿಗೆ ಸರಿಸಿದಳು.

"ಆಯ್ತು ಅತ್ತೆ."

"ನೋಡು, ನಾನು ಹೆದರ್ಕೊಂಡೇ ಇದ್ದೆ. ದೇವರು ಏನೂ ಅನ್ಕೊಳ್ಳಲಿಲ್ಲ."

ಅವರು ಒಳಗೆ ಹೋಗಿ, ಅಷ್ಟು ಹೊತ್ತು ತಡೆದಿಟ್ಟಿದ್ದ ಒಗ್ಗರಣೆ ಹಾಕಿದರು. ಸಾಸಿವೆ ಚಟಪಟ ಸಿಡಿಯತೊಡಗಿತು.