ಭರಮಪ್ಪನ ಕುರಿ ವಿದ್ಯೆ ಕಂಪ್ಯೂಟರ್ ಏರಿತು

ಸಂತೆಯಲ್ಲಿ ಕುರಿ ಕೊಂಡು ಮೋಸ ಹೋದವರು ಯಾವ ಊರಿನಲ್ಲಿ ಇಲ್ಲ ಹೇಳಿ? ಖಾನಾಪುರದ ಬಾಜುವಿನ ಒಂದು ಸಣ್ಣ ಊರಿನಲ್ಲೂ ಇದ್ದರು. ಎರಡು ಸಾವಿರದ ನಾಲ್ಕನೇ ಇಸವಿ, ದೀಪಾವಳಿ ಮುಗಿದ ವಾರ. ಚಂದ್ರವ್ವ ಎರಡು ಕುರಿ ಹೊಡೆದುಕೊಂಡು ಕುರಿ ಬಲ್ಲ ಭರಮಪ್ಪನ ಅಂಗಳಕ್ಕೆ ಬಂದಳು. ಗಂಡನಿಲ್ಲದ ಹೆಣ್ಣುಮಗಳು. ಕೂಲಿ ಮಾಡಿ ಉಳಿಸಿದ್ದರಲ್ಲಿ ತಂದ ಕುರಿ.

"ಕಾಕಾ, ಸಂತ್ಯಾಗ ಒಬ್ಬಾಂವ ಎರಡು ಹಲ್ಲಿನ ಹರೇದ ಕುರಿ ಅಂತ ಹೇಳಿ ಕೊಟ್ಟಾನ್ರಿ. ಒಮ್ಮಿ ನೋಡ್ರಿ."

ಭರಮಪ್ಪ ಕಟ್ಟೆಯ ಮೇಲೆ ಕುಂತಲ್ಲಿಂದಲೇ ಒಂದು ಕುರಿಯ ಗದ್ದ ಹಿಡಿದ. ಹೆಬ್ಬೆರಳಿನಿಂದ ಕೆಳತುಟಿ ಸರಿಸಿದ.

"ಇದು ಬಾಯಿಗೂಡಿ ಭಾಳ ದಿನಾ ಆಗೈತವ್ವಾ. ಎಂಟೂ ಹಲ್ಲು ಬಂದು, ಸವದು, ಮೊಂಡ ಆಗ್ಯಾವ. ಇನ್ನ ಒಂದೊ ಎರಡೊ ಸೂಲು, ಅಷ್ಟ."

ಎರಡನೆಯದರ ಕೆಚ್ಚಲು ಮುಟ್ಟಿ ನೋಡಿ ಕೈ ತೆಗೆದ. "ಇದರ ಕೆಚ್ಚಲ ಒಂದು ಬಾಜು ಗಂಟ ಕಟ್ಟೇತಿ. ಮರಿಗೆ ಹಾಲು ಸಾಲಂಗಿಲ್ಲ. ಕೊಳ್ಳೂಕಿಂತ ಮೊದಲ ನನ್ನ ಕೇಳಬಾರದಾ?"

ಚಂದ್ರವ್ವ ಅಲ್ಲೇ ನೆಲಕ್ಕೆ ಕುಂತುಬಿಟ್ಟಳು. "ನೀವು ಎಷ್ಟ ಮಂದಿ ಜೋಡಿ ಸಂತಿಗೆ ಬರ್ತೀರಿ ಕಾಕಾ? ನಿಮ್ಮ ಮೊಣಕಾಲು ನೋಡಿ ಕರಿಯಾಕ ಮನಸ ಬರಲಿಲ್ಲ."

ಆ ಮಾತು ಭರಮಪ್ಪನಿಗೆ ಚುಚ್ಚಿತು. ಐವತ್ತು ವರ್ಷ ಕುರಿ ಹಿಂದೆ ನಡೆದ ಕಾಲು ಅದು. ಎರಡು ವರ್ಷದ ಹಿಂದೆ ಹಳ್ಳ ದಾಟುವಾಗ ಜಾರಿ ಬಿದ್ದು ಮೊಣಕಾಲು ಕೆಟ್ಟಿತ್ತು. ಹಿಂಡನ್ನು ತಮ್ಮ ಮೈಲಾರಲಿಂಗನಿಗೆ ಒಪ್ಪಿಸಿ ಕಟ್ಟೆ ಹಿಡಿದಿದ್ದ. ಈಗ ಅವನ ಹತ್ತಿರ ಉಳಿದಿದ್ದು ಕಣ್ಣು ಮತ್ತು ಕೈ. ಅವು ಯಾರ ಉಪಯೋಗಕ್ಕೂ ಬರುತ್ತಿಲ್ಲವಲ್ಲ ಎಂಬ ಚಿಂತೆ ಒಳಗೊಳಗೇ ಕೊರೆಯುತ್ತಿತ್ತು.

ಇದನ್ನೆಲ್ಲ ಸೊಸೆ ಮನಿಷಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವಳು ಬೆಳಗಾವಿಯ ಮಹಾಂತೇಶ ನಗರದ ಒಂದು ಸೈಬರ್ ಕೆಫೆಯಲ್ಲಿ ಕೆಲಸಕ್ಕಿದ್ದಳು. ಲೋಂಡಾ ಕಡೆಯಿಂದ ಬರುವ ರೈಲು ಹತ್ತಿ ದಿನಾ ಹೋಗಿ ಬರುತ್ತಿದ್ದಳು. ಊಟಕ್ಕೆ ಕುಂತಾಗ ಮಾತು ತೆಗೆದಳು.

"ಮಾಮಾ, ಚಂದ್ರವ್ವಗ ಹೇಳಿದ್ರಲ್ಲ, ಅದನ್ನ ಬರದು ಇಂಟರ್ನೆಟ್ಟಿಗೆ ಹಾಕೂಣು. ಯಾವ ಊರಾಗಿದ್ದವರೂ ನೋಡಬಹುದು. ಮುಂದ ಅದರಾಗ ನಾಕು ದುಡ್ಡೂ ಆಗತಾವ."

ಮಗ ಶಿವಲಿಂಗ ನಕ್ಕ. ಅವನು ಲೈನ್‌ಮನ್. "ಕುರಿ ಕಾಯಾಂವ ಕಂಪ್ಯೂಟರ್ ನೋಡ್ತಾನೇನ?"

"ಅವನು ನೋಡಲಿಕ್ಕಿಲ್ಲ. ಅವನ ಮಗ, ಮಗಳು ನೋಡ್ತಾರ. ಪರೀಕ್ಷಾ ರಿಸಲ್ಟ್ ನೋಡಾಕ ನಮ್ಮಲ್ಲಿ ಬರೂ ಹುಡುಗ್ರು ಯಾರ ಮನಿಯವರು? ಹೋದ ತಿಂಗಳ ಒಬ್ಬಾಂವ ಕುರಿ ಸಾಕೂದು ಹುಡಕಿ ಕೊಡ್ರಿ ಅಂದ. ಸಿಕ್ಕದ್ದೆಲ್ಲ ಇಂಗ್ಲಿಷ್. ಬ್ಯಾರೆ ದೇಶದ ಬಿಳಿ ಕುರಿ. ನಮ್ಮ ಕರಿ ಕುರಿ ಬಗ್ಗೆ ಕನ್ನಡದಾಗ ಒಂದು ಸಾಲು ಸಿಗಲಿಲ್ಲ."

ಭರಮಪ್ಪ ತಲೆ ಅಲ್ಲಾಡಿಸಿದ. "ವಿದ್ಯಾ ಮಾರಿಕೊಂಡ್ರ ಕೈಗುಣ ಹೋಗತೈತಿ ತಂಗಿ. ನಮ್ಮಪ್ಪ ಯಾರ ಕಡೆನೂ ಒಂದು ಪೈಸಾ ಇಸಕೊಂಡಾಂವ ಅಲ್ಲ. ಮ್ಯಾಲ, ಗುಟ್ಟೆಲ್ಲ ಬಿಚ್ಚಿಟ್ರ ನಾಳಿ ನಮ್ಮ ಬಾಗಲಿಗೆ ಯಾರು ಬರ್ತಾರ?"

ಅಲ್ಲಿವರೆಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಸಿದ್ದಕ್ಕ ಕೈ ನಿಲ್ಲಿಸಿದಳು. "ಸಾಲಿ ಮಾಸ್ತರ ಪಗಾರ ತಗೋತಾನ. ಅವನ ವಿದ್ಯಾ ಎಲ್ಲಿ ಹೋತು? ಮೈಲಾರಲಿಂಗನ ಮಕ್ಕಳು ಕುರಿ ಬಿಟ್ಟು ಕಾರ್ಖಾನಿಗೆ ಹೊಂಟಾರ. ನಿಮ್ಮ ಜೋಡೀನ ಇದೆಲ್ಲ ಮಣ್ಣಿಗೆ ಹೋದ್ರ ಯಾರಿಗೆ ಲಾಭ?"

ಹೇಳಿದ ಮೇಲೆ ಅವಳಿಗೇ ಕೆಡುಕೆನಿಸಿತು. ಭರಮಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದ. ಆದರೆ ಮರುದಿನ ಮುಂಜಾನೆ ಸೊಸೆ ಚಪ್ಪಲಿ ಮೆಟ್ಟುವಾಗ ಕರೆದು ಹೇಳಿದ, "ಹಲ್ಲು ನೋಡೂದು ಅಷ್ಟ ಬರಕೋ. ಅದಕ್ಕ ರೊಕ್ಕ ತಗೋಬ್ಯಾಡ."

ಮನಿಷಾ ಒಪ್ಪಿದಳು. ಆಗೆಲ್ಲ ಕನ್ನಡದಲ್ಲಿ ಟೈಪ್ ಮಾಡಿ ಹಾಕಿದರೆ ಬೇರೆಯವರ ಕಂಪ್ಯೂಟರಿನಲ್ಲಿ ಅಕ್ಷರ ಹೋಗಿ ಡಬ್ಬಿ ಡಬ್ಬಿ ಕಾಣುತ್ತಿತ್ತು. ಅದಕ್ಕೆ ದುಂಡಗೆ ಕೈಯಿಂದ ಬರೆದಳು. ಎರಡು ಹಲ್ಲು, ನಾಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ಒಂದೊಂದಕ್ಕೂ ಫೋಟೋ ಅಂಟಿಸಿ, ಸ್ಕ್ಯಾನ್ ಮಾಡಿ, ಇಂಟರ್ನೆಟ್ಟಿನಲ್ಲಿ ಪುಕಟ ಸಿಗುವ ಒಂದು ಪುಟದಲ್ಲಿ ಏರಿಸಿದಳು. ಕೆಳಗೆ ಭರಮಪ್ಪನ ಹೆಸರು, ಊರು, ಮನೆಯ ಫೋನ್ ನಂಬರ್, ತನ್ನ ಈಮೇಲ್ ಹಾಕಿದಳು.

ಹದಿನೈದು ದಿನ ಬಿಟ್ಟು ಮಾವನನ್ನು ಬೆಳಗಾವಿಗೆ ಕರೆದೊಯ್ದಳು. ಪರದೆಯ ಮೇಲೆ ತನ್ನದೇ ಹೆಬ್ಬೆರಳು, ಕುರಿಯ ತುಟಿ. ಭರಮಪ್ಪ ನಾಚಿಕೊಂಡು ರುಮಾಲು ಸರಿಮಾಡಿಕೊಂಡ. ನೋಡಿದವರು ಹನ್ನೊಂದೇ ಮಂದಿ. ಆದರೆ ಒಂದು ಈಮೇಲ್ ಬಂದಿತ್ತು, ಜಮಖಂಡಿ ಕಡೆಯ ಸಾತಪ್ಪ ಎಂಬ ಹುಡುಗನದು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಮನಿಷಾ ಓದಿದಳು: "ಅಜ್ಜಾರ, ನಮ್ಮವ್ವ ಕುರಿ ಕೊಳ್ಳಬೇಕಂತಾಳ. ನನಗೇನೂ ತಿಳಿಯಂಗಿಲ್ಲ. ಕೆಚ್ಚಲ ಹೆಂಗ ನೋಡಬೇಕು?"

ಭರಮಪ್ಪ ಹೇಳಲು ಶುರುಮಾಡಿದ. ಎರಡೂ ಕೈ ಚಾಚಿ, ಎದುರಿಗೆ ಕುರಿ ಇದ್ದಂತೆ ಗಾಳಿಯಲ್ಲಿ ಮುಟ್ಟಿ ತೋರಿಸಿ, ಅರ್ಧ ತಾಸು ಹೇಳಿದ. ಬಾಜು ಕುಂತವರು ತಮ್ಮ ಪರದೆ ಬಿಟ್ಟು ಅವನನ್ನೇ ನೋಡಿದರು. ಬರುವಾಗ ಬಸ್ಸಿನಲ್ಲಿ ಅಂದ, "ಇಂಥಾ ಪ್ರಶ್ನೆ ನನ್ನ ಮನ್ಯಾಗ ಯಾರೂ ಕೇಳಿಲ್ಲ ತಂಗಿ. ಆದ್ರ ಬರದು ಹೇಳಿದ್ರ ಅವಂಗ ತಿಳಿಯಂಗಿಲ್ಲ. ಮುಟ್ಟಿ ತೋರಸಬೇಕಾಗತೈತಿ."

"ಹಂಗಾರ ವಿಡಿಯೋ ಮಾಡಿ ಸಿಡಿ ಮಾಡೂಣು ಮಾಮಾ. ಈಗ ಊರಾಗ ನಾಕು ಮನ್ಯಾಗರ ಸಿಡಿ ಪ್ಲೇಯರ್ ಅದಾವ. ಅದಕ್ಕ ಖರ್ಚು ಐತಿ, ನಿಮ್ಮ ದುಡಿಮಿ ಐತಿ. ಅದಕ್ಕ ಬೆಲಿ ಇಡೂಣು. ಬಾಗಲಿಗೆ ಬಂದವರಿಗೆ ಎಂದಿನಂಗ ಪುಕಟ ಹೇಳ್ರಿ. ಯಾರ ಬ್ಯಾಡ ಅಂತಾರ?"

"ಹಂಗಾದ್ರ ಆಗಲಿ" ಎಂದ ಭರಮಪ್ಪ.

ಖಾನಾಪುರದಲ್ಲಿ ಮದುವೆ ವಿಡಿಯೋ ತೆಗೆಯುವ ಸುಜಯ ಒಪ್ಪಿಕೊಂಡ. ಸಿಡಿಯ ಮೇಲೆ ಯಾರ ಹೆಸರು, ಬಂದದ್ದರಲ್ಲಿ ಯಾರಿಗೆಷ್ಟು ಪಾಲು ಎಂದು ಮೊದಲೇ ಹಾಳೆಯ ಮೇಲೆ ಬರೆದು ಭರಮಪ್ಪ, ಸುಜಯ ಇಬ್ಬರೂ ಸಹಿ ಮಾಡಿದರು. ಕ್ಯಾಮೆರಾ ಮುಂದೆ ನಿಂತಾಗ ಭರಮಪ್ಪನ ನಾಲಿಗೆ ಕಟ್ಟಿತು. "ಮಾನ್ಯರೇ, ಕುರಿಯು ಒಂದು ಸಾಕುಪ್ರಾಣಿಯಾಗಿರುತ್ತದೆ" ಎಂದು ಭಾಷಣದ ಧಾಟಿ ಹಿಡಿದ. ಸಿದ್ದಕ್ಕ ಸೆರಗು ಬಾಯಿಗಿಟ್ಟು ನಕ್ಕಳು. ಕಡೆಗೆ ಮನಿಷಾ ಚಂದ್ರವ್ವನನ್ನು ಕರೆಸಿ ಎದುರಿಗೆ ಕೂರಿಸಿದಳು. ಅವಳು ಕೇಳುತ್ತಾ ಹೋದಳು, ಇವನು ಹೇಳುತ್ತಾ ಹೋದ. ಕ್ಯಾಮೆರಾ ಮರೆತೇ ಹೋಯಿತು.

ಹೊಟ್ಟೆ ಉಬ್ಬರದ ಮಾತು ಬಂದಾಗ ಅಪ್ಪನ ಕಾಲದ ಔಷಧ ಹೇಳಲು ಬಾಯಿ ತೆರೆದ.

"ಇಲ್ಲವ್ವಾ. ಆ ಔಷಧ ಒಮ್ಮೊಮ್ಮಿ ನಾಟತೈತಿ, ಒಮ್ಮೊಮ್ಮಿ ಇಲ್ಲ. ಅದನ್ನ ನಂಬಿ ನನ್ನ ಕೈಯಾಗ ಏಳು ಕುರಿ ಸತ್ತಾವ. ಇದು ನನಗ ಖರೇನ ಗೊತ್ತಿಲ್ಲ. ದನದ ಡಾಕ್ಟರನ್ನ ಕರೀರಿ."

"ಇದನ್ನ ಕತ್ತರಿಸಲೇನ್ರಿ?" ಎಂದ ಸುಜಯ.

"ಬ್ಯಾಡ, ಇರಲಿ" ಎಂದಳು ಮನಿಷಾ.

ಬೆಳಗಾವಿಯ ರವಿವಾರ ಪೇಟೆಯಿಂದ ಸಗಟಿನಲ್ಲಿ ಸಿಡಿಯ ಕವರು ತಂದರು. ಬೇಕಾದವರು ಮನಿಯಾರ್ಡರ್ ಮಾಡಿದರೆ ಅಂಚೆಯಲ್ಲಿ ಸಿಡಿ ಕಳಿಸುತ್ತೇವೆ ಎಂದು ಪುಟದಲ್ಲಿ ಬರೆದರು. ಮೂರು ತಿಂಗಳಲ್ಲಿ ಹೋದದ್ದು ಒಂಬತ್ತು ಸಿಡಿ. ಉಳಿದವು ಮಂಚದ ಕೆಳಗೆ ಧೂಳು ಹಿಡಿದವು. "ನಾ ಹೇಳಿರಲಿಲ್ಲೇನ?" ಎಂದ ಶಿವಲಿಂಗ. ಭರಮಪ್ಪನ ಮುಖ ಸಣ್ಣದಾಯಿತು. ಮನಿಷಾ ಮಾತ್ರ ವಾರಕ್ಕೊಂದು ಪಾಠ ಬರೆದು ಏರಿಸುವುದನ್ನು ಬಿಡಲಿಲ್ಲ. ಬಂದ ಪ್ರಶ್ನೆಗಳಿಗೆ ಮಾವನಿಂದ ಉತ್ತರ ಹೇಳಿಸಿ ಬರೆಯುತ್ತಿದ್ದಳು.

ಅಷ್ಟರಲ್ಲಿ ಚಂದ್ರವ್ವ ಒಂದು ಸಿಡಿ ಒಯ್ದು ತಮ್ಮ ಸ್ವಸಹಾಯ ಸಂಘದಲ್ಲಿ ಹಾಕಿ ತೋರಿಸಿದಳು. "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೇಳ್ಯಾನ ನೋಡು, ಅಂದಮ್ಯಾಲ ಉಳಿದದ್ದು ಖರೇ ಇರಬೇಕು" ಎಂದಳು ಸಂಘದ ಹಿರಿಯಾಕೆ ಮಾಯಕ್ಕ. ಆ ಸಂಘದಿಂದ ಮತ್ತೊಂದು ಸಂಘಕ್ಕೆ ಸುದ್ದಿ ಹೋಯಿತು. ರಾಮದುರ್ಗ, ಸವದತ್ತಿಯಿಂದ ಮನಿಯಾರ್ಡರ್ ಬಂದವು. ಪುಟ ನೋಡಿದ ಸೊಲ್ಲಾಪುರದವರು ಮರಾಠಿಯಲ್ಲೂ ಮಾಡಿ ಎಂದು ಕೇಳಿದರು. ನಡುವೆ ಒಬ್ಬ ಸಿಡಿಯ ನಕಲು ಮಾಡಿ ಸಂತೆಯಲ್ಲಿ ಮಾರಿದ. ಶಿವಲಿಂಗ ಸಿಟ್ಟಿನಿಂದ ಕುಣಿದ. ಆದರೆ ನಕಲಿನಲ್ಲೂ ಭರಮಪ್ಪನ ಮುಖ, ಹೆಸರು, ಫೋನ್ ನಂಬರ್ ಇದ್ದವಲ್ಲ, ಅದನ್ನು ಕೊಂಡವರೂ ಇವನಿಗೇ ಫೋನ್ ಹಚ್ಚಿದರು. "ನಕಲ ಸಿಡಿಗೆ ಪ್ರಶ್ನೆ ಕೇಳಾಕ ಬರಂಗಿಲ್ಲಲ್ಲ" ಎಂದ ಭರಮಪ್ಪ. ಆ ಪ್ರಶ್ನೆಗಳನ್ನೇ ಕೂಡಿಸಿ ಎರಡನೇ ಸಿಡಿ ಮಾಡಿದರು.

ಭರಮಪ್ಪ ಸಾಹುಕಾರನಾಗಲಿಲ್ಲ. ಮನೆಯ ಎಣ್ಣೆ-ಬೇಳೆ, ತನ್ನ ಔಷಧದ ಖರ್ಚು ನೀಗಿತು. ಗುಟ್ಟು ಬಿಚ್ಚಿಟ್ಟದ್ದರಿಂದ ಬಾಗಿಲಿಗೆ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು.

ಮುಂದಿನ ವರ್ಷ ಮೊಣಕಾಲು ತೋರಿಸಲು ಶಿವಲಿಂಗ ಅಪ್ಪನನ್ನು ಬೆಳಗಾವಿಯ ಆಸ್ಪತ್ರೆಗೆ ಕರೆದೊಯ್ದ. ಚೀಟಿ ಬರೆಯುವಾಕೆ ಹೆಸರು, ವಯಸ್ಸು ಕೇಳಿ, "ಏನು ಕೆಲಸ ಮಾಡ್ತಾರ್ರಿ?" ಎಂದಳು. ಶಿವಲಿಂಗ ಬಾಯಿ ತೆರೆದ. ಅಪ್ಪನ ಮುಖ ನೋಡಿದ. ಮೂರು ವರ್ಷದಿಂದ ಕೇಳಿದವರಿಗೆಲ್ಲ "ಏನಿಲ್ರಿ, ಮನ್ಯಾಗ ಇರ್ತಾರ" ಎಂದು ಹೇಳಿ ರೂಢಿಯಾಗಿತ್ತು. ಈ ಸಲ ಹಾಗೆ ಹೇಳಲಿಲ್ಲ.

"ಕಲಿಸ್ತಾರ್ರಿ" ಎಂದ. "ಕುರಿ ಸಾಕೂದು ಕಲಿಸ್ತಾರ. ಹಂಗ ಬರಕೋರಿ."

ಭರಮಪ್ಪ ಮುಖ ಬೇರೆ ಕಡೆ ತಿರುಗಿಸಿ ಕಣ್ಣು ಒರೆಸಿಕೊಂಡ.

ಅಕ್ಕಗಳಿರಾ, ಅಣ್ಣಗಳಿರಾ, ಒಂದು ಗಳಿಗೆ ಯೋಚನೆ ಮಾಡಿ. ಯಾವ ಮಾತು ಕೇಳಲು ಮಂದಿ ನಿಮ್ಮ ಬಾಗಿಲಿಗೆ ಬರುತ್ತಾರೆ? ಕುಪ್ಪಸ ಕತ್ತರಿಸುವುದೋ, ಉಪ್ಪಿನಕಾಯಿ ಕೆಡದಂತೆ ಇಡುವುದೋ, ಬೀಜ ಆರಿಸುವುದೋ, ಬಾಣಂತಿಯ ಅಡಿಗೆಯೋ? ಅದೇ ನಿಮ್ಮ ಆಸ್ತಿ. ಅದರಲ್ಲಿ ಒಂದು ಪಾಠವನ್ನು ಈ ವಾರವೇ ಬರೆಯಿರಿ, ಬರೆಯಲು ಬರದಿದ್ದರೆ ಮನೆಯಲ್ಲಿ ಓದಿದವರಿಗೆ ಹೇಳಿ ಬರೆಸಿ. ಹತ್ತಿರದ ಸೈಬರ್ ಕೆಫೆಗೆ ಹೋಗಿ ಕೇಳಿ. ಮೊದಲ ಪಾಠ ಪುಕಟ ಕೊಡಿ, ನಿಮ್ಮ ಹೆಸರು ತಪ್ಪದೆ ಹಾಕಿ, ಪಾಲುದಾರರಿದ್ದರೆ ಮಾತನ್ನು ಕಾಗದಕ್ಕೆ ತನ್ನಿ. ತಿಂಗಳೊಪ್ಪತ್ತಿನಲ್ಲಿ ಲಕ್ಷ ಗಳಿಸಿಕೊಡುತ್ತೇನೆ, ಮೊದಲು ರೊಕ್ಕ ಕಟ್ಟಿ ಎನ್ನುವವರಿಂದ ದೂರ ಇರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಲು ನಾಚಬೇಡಿ. ನಿಮಗೆ ಚಲೋ ಗೊತ್ತಿರುವುದನ್ನು ಹೇಳಲು ಅದಕ್ಕಿಂತಲೂ ನಾಚಬೇಡಿ.