ನಿಂಬೆ, ದೋಣಿ, ಬೀಗದ ಕೈ

ಆ ವೃದ್ಧಾಶ್ರಮದ ಲಿಫ್ಟು ಮೂರನೆಯ ಮಹಡಿಗೆ ಒಬ್ಬರನ್ನು ಹೊತ್ತು ಹೋಗುತ್ತಿತ್ತು, ಖಾಲಿಯಾಗಿ ಇಳಿಯುತ್ತಿತ್ತು. ಆರು ತಿಂಗಳು ನಾನದನ್ನು ನೋಡಿಯೂ ನೋಡಿರಲಿಲ್ಲ.

ಹೆಣ್ಣುಮಕ್ಕಳಿಬ್ಬರೂ ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುವಷ್ಟಾದ ಮೇಲೆ, ನಲವತ್ತಾರನೆಯ ವಯಸ್ಸಿನಲ್ಲಿ, ಆಪ್ತಸಮಾಲೋಚನೆ ಮತ್ತು ಮುಪ್ಪಿನ ಅಧ್ಯಯನದ ಸ್ನಾತಕೋತ್ತರ ತರಗತಿಗೆ ಸೇರಿದ್ದೆ. ಓದಿನ ಭಾಗವಾಗಿ ಮಂಗಳವಾರಗಳಂದು ಪೈಸಾಂದು ಎಂಬ ನಮ್ಮೂರಿನ ನದಿದಂಡೆಯಲ್ಲಿದ್ದ ಆ ಆಶ್ರಮಕ್ಕೆ ಹೋಗಿ ಹಿರಿಯರ ಜೊತೆ ಕೂತು ಮಾತು ಕೇಳಬೇಕಿತ್ತು. ತಿಂಗಳಿಗೊಮ್ಮೆ ನೆನಪಿನ ಪರೀಕ್ಷೆ. ಮೂರು ಪದ ಹೇಳಿ, ಒಂದು ಗಡಿಯಾರ ಬರೆಸಿ, ಆಮೇಲೆ ಆ ಮೂರು ಪದಗಳನ್ನು ತಿರುಗಿ ಕೇಳುವುದು.

ಪರೀಕ್ಷೆಯ ಹಾಳೆ ಕಾಲೇಜಿಗೆ ಮಾತ್ರ ಸೇರಬೇಕು. ಆದರೆ ಆಶ್ರಮದ ಒಡತಿ ಸುಲ್ಮಾ ಪ್ರತಿ ಸಲವೂ, "ನಮ್ಮ ಹತ್ರನೂ ಒಂದು ಪ್ರತಿ ಇರ್ಲಿ ಮಿರ್ನಾ, ಔಷಧಿ ಕೊಡೋಕೆ ಅನುಕೂಲ" ಎನ್ನುತ್ತಿದ್ದಳು. ಎಷ್ಟು ಕಾಳಜಿ ಇವಳಿಗೆ ಎಂದುಕೊಂಡು ಸಹಿ ಹಾಕಿ ಕೊಡುತ್ತಿದ್ದೆ.

ಆ ವಾರ ನಮ್ಮ ಪ್ರಾಧ್ಯಾಪಕಿ ನನ್ನ ಹಾಳೆಗಳನ್ನು ನೋಡಿ ಹುಬ್ಬುಗಂಟಿಕ್ಕಿದರು. "ಆರು ತಿಂಗಳಿಂದ ಅವೇ ಪದಗಳಾ? ಬಾಯಿಪಾಠ ಆಗಿರತ್ತೆ. ಬದಲಾಯಿಸಿ."

ಬದಲಾಯಿಸಿದೆ.

ಕೆಳಗಿನ ಮಹಡಿಯ ಕೋಣೆಯಲ್ಲಿ ಕಿಟಕಿಯ ಬಳಿ ಒಲಿಂಡಾ ಕೂತಿದ್ದಳು. ಎಂಬತ್ತನಾಲ್ಕು ವರ್ಷ, ಒಂದು ಕಾಲದಲ್ಲಿ ಊರಿನ ಟೆಲಿಫೋನ್ ಆಪರೇಟರ್. ಪಕ್ಕದಲ್ಲಿ ಕಣ್ಣು ಕಾಣದ ತಮ್ಮ ಅನ್ಸೆಲ್ಮೊ. ಸೋರೆಬುರುಡೆಗೆ, ಚಹಾದ ಹಾಗೆ ಹೀರುವ ಮಾಟೆಯ ಎಲೆ ತುಂಬಿ, ಬಿಸಿನೀರು ಹೊಯ್ದು, ಹೀರುಗೊಳವೆಯನ್ನು ಅವನ ತುಟಿಯ ದಿಕ್ಕಿಗೆ ತಿರುಗಿಸಿ ಕೊಡುವುದು ಅವಳದೇ ಕೆಲಸ.

"ಬಂದ್ಲು ನೋಡೋ ನಮ್ ಟೀಚರಮ್ಮ," ಎಂದಳು ಒಲಿಂಡಾ. "ಈ ಸಲಾನೂ ನಾನೇ ಫಸ್ಟು."

"ಹೋಗೇ ಅಕ್ಕಾ, ನಿನ್ನೆ ಬೆಳಿಗ್ಗೆ ತಿಂದಿದ್ದೇನು ಹೇಳು ನೋಡಣ," ಎಂದು ಅನ್ಸೆಲ್ಮೊ ಕಿಚಾಯಿಸಿದ.

ನಾನು ನಕ್ಕು ಪದಗಳನ್ನು ಹೇಳಿದೆ: ಕಂಬಳಿ, ಏಣಿ, ಉಪ್ಪು. ಗಡಿಯಾರ ಬರೆಸಿದೆ. ಮುಳ್ಳುಗಳೆರಡೂ ವೃತ್ತದ ಆಚೆ ಬಿದ್ದವು. ಪದಗಳನ್ನು ಕೇಳಿದೆ.

"ನಿಂಬೆ, ದೋಣಿ, ಬೀಗದ ಕೈ," ಎಂದಳು ಥಟ್ಟನೆ.

"ಅವು ಹಳೇವಮ್ಮಾ. ಈಗ ಹೇಳಿದ್ದು?"

ಅವಳು ಪೆನ್ಸಿಲ್ಲನ್ನು ಕೆಳಗಿಟ್ಟಳು. "ಯಾಕೆ ಬದಲಾಯಿಸ್ದೆ ಮಗಳೇ? ದಿನಾ ತಿಂಡಿ ಹೊತ್ತಲ್ಲಿ ಎಲ್ರಿಗೂ ಅವನ್ನೇ ಹೇಳ್ಕೊಡ್ತಿದ್ನಲ್ಲ. ಪಾಪ, ಕಸಿಲ್ಡಾಗೆ ಎಷ್ಟು ಹೇಳಿದ್ರೂ ಹತ್ಲಿಲ್ಲ. ಪೀಯೊಗೂ ಹತ್ಲಿಲ್ಲ."

ಅವರಿಬ್ಬರೂ ಮೂರನೆಯ ಮಹಡಿಗೆ ಹೋಗಿದ್ದರು. ಪರೀಕ್ಷೆ ಮಾಡಿದ ವಾರವೇ.

"ನಿನ್ ಕಾಗದ ನೋಡೇ ಕಳಿಸೋದು. ಗೊತ್ತಿರ್ಲಿಲ್ವಾ ನಿಂಗೆ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. "ಮೇಲೆ ಬಾಗ್ಲಿಗೆ ಹೊರಗಿಂದ ಚಿಲಕ. ಬಿಸಿನೀರು ಕೊಡಲ್ಲ. ನಾನು ಹೋದ್ರೆ ಇವ್ನಿಗೆ ಯಾರೇ ಮಾಟೆ ಹೊಯ್ಯೋರು?"

ಹಾಳೆಯನ್ನು ಮಡಿಸಿ ಚೀಲದ ತಳಕ್ಕೆ ತುರುಕಿ ಎದ್ದೆ. ಬಾಗಿಲಾಚೆ ಸುಲ್ಮಾ ಕೈ ಚಾಚಿ ನಿಂತಿದ್ದಳು.

"ಇವತ್ತು ಆಗ್ಲಿಲ್ಲ," ಎಂದೆ. "ಅವರಿಗೆ ತಲೆನೋವು."

"ಅಯ್ಯೋ, ಪರವಾಗಿಲ್ಲ ಬಿಡು. ಆರ್ ತಿಂಗಳಿಂದ ನೋಡಿ ನೋಡಿ ಪರೀಕ್ಷೆ ಮಾಡೋದು ನಂಗೂ ಬಂದ್ಬಿಟ್ಟಿದೆ. ಊಟ ಆದ್ಮೇಲೆ ನಾನೇ ಕೇಳ್ತೀನಿ." ನಕ್ಕಳು. "ಕಂಬಳಿ, ಏಣಿ, ಉಪ್ಪು. ಚೆನ್ನಾಗಿವೆ ಹೊಸಾವು, ಇಲ್ಲಿಗೇ ಕೇಳಿಸ್ತು."

"ಹಾಗೆಲ್ಲ ಮಾಡೋ ಹಾಗಿಲ್ಲ ಸುಲ್ಮಾ. ಜನರನ್ನ ಮೇಲೆ ಕೂಡಿಹಾಕೋಕಲ್ಲ ಈ ಪರೀಕ್ಷೆ ಇರೋದು. ನಾನು ಕಾಲೇಜಿಗೆ ಹೇಳ್ತೀನಿ."

"ಹೇಳು. ಕಸಿಲ್ಡಾ ಕಾಗದದಲ್ಲಿ ಯಾರ ಸಹಿ ಇದೆ? ಪೀಯೊ ಕಾಗದದಲ್ಲಿ?" ನನ್ನ ಭುಜ ಮೆಲ್ಲಗೆ ತಟ್ಟಿದಳು. "ಮನೆಗೆ ಹೋಗು, ಮಕ್ಕಳು ಕಾಯ್ತಿರ್ತಾರೆ."

ಮನೆಗೆ ಹೋಗಲಿಲ್ಲ. ಅಂಗಳಕ್ಕೆ ಬಂದು ಪ್ರಾಧ್ಯಾಪಕಿಗೆ ಫೋನ್ ಮಾಡಿ, ನನ್ನ ಸಹಿಯ ಸಂಗತಿಯನ್ನೂ ಸೇರಿಸಿ, ಎಲ್ಲ ಹೇಳಿದೆ. ಅವರು, "ತನಿಖೆಯವರನ್ನ ನಾಳೆ ಬೆಳಿಗ್ಗೆಗಿಂತ ಮುಂಚೆ ಕರೆತರೋಕಾಗಲ್ಲ ಮಿರ್ನಾ," ಎಂದರು.

ಊಟದ ಗಂಟೆಗೆ ಇನ್ನು ಇಪ್ಪತ್ತು ನಿಮಿಷವಿತ್ತು. ಒಲಿಂಡಾಳ ಮುಂದೆ ಮಂಡಿಯೂರಿ ಕೂತು, ನನ್ನ ಕಿರಿಯ ಮಗಳಿಗೆ ಮಗ್ಗಿ ಹೇಳಿಕೊಟ್ಟ ಹಾಗೆ, ಬೆರಳು ಮಡಿಸಿ ಮಡಿಸಿ ಹೇಳಿಕೊಟ್ಟೆ. ಕಂಬಳಿ. ಏಣಿ. ಉಪ್ಪು. ನನ್ನ ಜೊತೆ ಹೇಳುವಾಗ ಸರಿಯಾಗಿ ಹೇಳುತ್ತಿದ್ದಳು. ನಾನು ಬಾಯಿ ಮುಚ್ಚಿದೊಡನೆ ಹಳೆಯವೇ ಬರುತ್ತಿದ್ದವು. ಇಡೀ ಊರಿನ ನಂಬರುಗಳನ್ನು ಹಿಡಿದಿಟ್ಟಿದ್ದ ತಲೆ ಅದು.

"ನಂಗೆ ನೆನಪಿದೆ, ನಾನ್ ಹೇಳ್ಲಾ?" ಎಂದ ಅನ್ಸೆಲ್ಮೊ.

ನಾನು ಮತ್ತೆ ಮೊದಲ ಬೆರಳು ಮಡಿಸಿದೆ.

ಊಟವಾಯಿತು. ಸುಲ್ಮಾ ಒಳಗೆ ಹೋಗಿ ಬಾಗಿಲು ಓರೆ ಮಾಡಿದಳು. ನಾನು ಹೊರಗೆ ಗೋಡೆಗೊರಗಿ ನಿಂತೆ. ಪೆನ್ಸಿಲ್ಲಿನ ಸದ್ದು. ಆಮೇಲೆ ಒಲಿಂಡಾಳ ದನಿ, ಸ್ಪಷ್ಟವಾಗಿ, ತರಗತಿಯ ಜಾಣ ಹುಡುಗಿಯ ದನಿಯಂತೆ:

"ನಿಂಬೆ..."

ಓಣಿಯ ತುದಿಯಲ್ಲಿ ಲಿಫ್ಟು ಖಾಲಿಯಾಗಿ ಇಳಿದು ಬಂದು ನಿಂತಿತು. ಬಾಗಿಲ ಸಂದಿನಿಂದ ಅನ್ಸೆಲ್ಮೊ ಕಾಣುತ್ತಿದ್ದ. ನೀರು ತೀರಿದ ಸೋರೆಬುರುಡೆಯನ್ನು ಅಕ್ಕನ ಕಡೆಗೆ ಚಾಚಿ ಹಿಡಿದುಕೊಂಡೇ ಕೂತಿದ್ದ.