ಮುಚ್ಚಿದ ಬಾಗಿಲಿನ ಪಾಠ

"ಬೇಗ ಚುಚ್ಚಮ್ಮ. ತಡ ಆದ್ರೆ ಪ್ರಯೋಜನ ಇಲ್ಲ," ಎನ್ನುತ್ತ ಅಣ್ಣ ಶೆಡ್ಡಿನಿಂದ ಹೊರಬಂದು ಬಾಗಿಲನ್ನು ಬೆನ್ನಿನಿಂದಲೇ ನೂಕಿ ಮುಚ್ಚಿದ. ಅವನ ತೋಳಿನಲ್ಲಿ ಕಂದುಬಣ್ಣದ ನಾಯಿ ನಡುಗುತ್ತಿತ್ತು.

ಪಶುವೈದ್ಯೆಯಾದ ತಂಗಿ ಸಿರಿಂಜು ಹಿಡಿದವಳು ಹಾಗೆಯೇ ನಿಂತಳು. ನಿದ್ದೆಯ ಔಷಧಿ ತಡವಾಗಿ ಕೊಟ್ಟರೂ ನಿದ್ದೆಯನ್ನೇ ತರುತ್ತದೆ. ಪಾಠವಾದ ಕೂಡಲೇ ಕೊಟ್ಟರೆ ಮಾತ್ರ ಅದು ಇನ್ನೊಂದು ಕೆಲಸವನ್ನೂ ಮಾಡೀತು: ಆಗಷ್ಟೇ ನಡೆದದ್ದರ ನೆನಪನ್ನು, ಮನಸ್ಸಿನಲ್ಲಿ ನೆಲೆಯೂರುವ ಮೊದಲೇ ಅಳಿಸೀತು; ಮೈಗೆ ಹತ್ತಿದ ಅಭ್ಯಾಸ ಮಾತ್ರ ಉಳಿದೀತು. ಕಾಲೇಜಿನಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ಅವಳಿದನ್ನು ಕಣ್ಣಾರೆ ಕಂಡಿದ್ದಳು. ಊಟಕ್ಕೆ ಕುಳಿತಾಗ ಅಣ್ಣನಿಗೆ ಬಣ್ಣಿಸಿ ಹೇಳಿದವಳೂ ಅವಳೇ.

ಕಣ್ಣಿಲ್ಲದವರಿಗೆ ದಾರಿ ತೋರುವ ನಾಯಿಗಳನ್ನು ಪಳಗಿಸುವುದು ಅಣ್ಣನ ಕಸುಬು. "ಹೊಡೆದು ಕಲಿಸುವವನು ಗುರುವೇ ಅಲ್ಲ" ಎಂದು ಅವನು ಸಭೆಗಳಲ್ಲಿ ಹೇಳುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಅವನ ನಾಯಿಗಳು ಅವನನ್ನು ಕಂಡೊಡನೆ ಬಾಲವಾಡಿಸುತ್ತ ಬರುತ್ತಿದ್ದುದೂ ನಿಜವೇ.

"ರಸ್ತೆಯಲ್ಲಿ ಪಾಠ ಆದ ದಿನ ಇಂಜೆಕ್ಷನ್ ಬೇಡ ಅಂತೀಯ. ಶೆಡ್ಡಲ್ಲಿ ಬಾಗಿಲು ಹಾಕ್ಕೊಂಡ ದಿನ ಮಾತ್ರ ಯಾಕಣ್ಣ ಬೇಕು?"

"ಶುರುವಾಯ್ತು ಡಾಕ್ಟ್ರಮ್ಮನ ಪುರಾಣ! ಅವತ್ತು ಜಾಸ್ತಿ ಸುಸ್ತಾಗತ್ತೆ ಕಣೇ."

"ಸುಸ್ತಾದ ನಾಯಿ ನಡುಗುತ್ತಾ?"

"ಚಳಿ ಇರ್ಬೇಕು."

ಬಿಸಿಲು ಸುಡುತ್ತಿತ್ತು. ಅವನು ಕೊರಳಪಟ್ಟಿ ಸರಿಪಡಿಸಲು ಬಾಗಿದಾಗ ಅವಳು ಸಿರಿಂಜನ್ನು ಬದಲಿಸಿ ಚುಚ್ಚಿದಳು. ಸುಳ್ಳು ಅವಳಿಗೆ ಒಗ್ಗದು. ಆದರೆ ತನ್ನ ವಿದ್ಯೆಯೇ ಮೂಕಪ್ರಾಣಿಯ ಸಾಕ್ಷಿಯನ್ನು ಕೊಲ್ಲುತ್ತಿದ್ದರೆ, ಅದನ್ನು ಅರಿಯದೆ ಬಾಳುವುದು ಇನ್ನೂ ದೊಡ್ಡ ಸುಳ್ಳು.

ಮರುದಿನ ಬೆಳಿಗ್ಗೆ ಅಣ್ಣ ಅಂಗಳದಲ್ಲಿ ಕೈಚಾಚಿದ. "ಬಾರೋ ಮರಿ."

ನಾಯಿ ಹೊಟ್ಟೆಯನ್ನು ನೆಲಕ್ಕೊತ್ತಿ ಮಲಗಿತು. ಅವನು ಒಂದು ಹೆಜ್ಜೆ ಮುಂದಿಟ್ಟ. ಅದು ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡಿತು.

ಅಣ್ಣ ನಾಯಿಯತ್ತ ನೋಡಲಿಲ್ಲ, ತಂಗಿಯತ್ತ ತಿರುಗಿದ.

"ನಿನ್ನೆ ಏನು ಚುಚ್ಚಿದೆ?"

"ನಾಯಿಗೆ ಏನಾಯ್ತು ಅಂತ ಕೇಳ್ಬೇಕಿತ್ತು ನೀನು."

"ಏನು ಚುಚ್ಚಿದೆ ಅಂದೆ!"

"ಬರೀ ಉಪ್ಪುನೀರು ಅಣ್ಣ."

ಅವನ ಮುಖ ಬಿಳುಚಿಕೊಂಡಿತು. "ಪೆಟ್ಟಿಲ್ಲದೆ ವಿದ್ಯೆ ಹತ್ತತ್ತೇನೇ? ನೆನಪೇ ಇಲ್ಲ ಅಂದ್ಮೇಲೆ ನೋವೆಲ್ಲಿ ಬಂತು?"

"ಇನ್ಮೇಲೆ ಇದನ್ನ ಮುಟ್ಬೇಡ."

ಅವಳು ಅವನನ್ನು ದಾಟಿ ಹೋಗಿ, ಒದ್ದೆ ನೆಲದ ಮೇಲೆಯೇ ಮಂಡಿಯೂರಿದಳು. ನೇವರಿಸಲೆಂದು ಮೆಲ್ಲಗೆ ಕೈ ಚಾಚಿದಳು. ಆ ಕೈ ಹತ್ತಿರವಾಗುತ್ತಿದ್ದಂತೆ ನಾಯಿ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡಿತು.